ಉಲುರು, ಓರ್ಮಿಸ್ಟನ್, ಫ್ಲಿಂಡರ್ಸ್: ಮಕ್ಕಳೊಂದಿಗೆ ಎಲ್ಲಿ ಡೇರೆ ಹಾಕುವುದು?

ಜುಲೈ ರಜೆಗೆ, ಆರು ಮತ್ತು ಹತ್ತು ವರ್ಷದ ಮಕ್ಕಳೊಂದಿಗೆ ಆಸ್ಟ್ರೇಲಿಯಾದ ಒಳನಾಡಿಗೆ ಹೋಗಬೇಕು, ಎಲ್ಲಿಗೆ ಎಂದು ಕೇಳಿದ್ದೀರಿ.

ಮೊದಲು ದಾರಿಯ ಮಾತು. ಅಡಿಲೇಡ್‌ನಲ್ಲಿ ಇಳಿಯುವುದಾದರೆ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಡೇರೆ ಹಾಕುವ ಜಾಗವಾದ ವಿಲ್ಪೀನಾ ಸುಮಾರು 430 ಕಿ.ಮೀ., ಉದ್ದಕ್ಕೂ ಡಾಂಬರು ರಸ್ತೆ. ದೇಶದ ನಡುವಿನ ಊರಾದ ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಹೋದರೆ ಓರ್ಮಿಸ್ಟನ್ ಕಮರಿ 135 ಕಿ.ಮೀ. ಮಾತ್ರ, ಉಲುರು ಎಂಬ ದೊಡ್ಡ ಕೆಂಪು ಬಂಡೆ ಆಲಿಸ್‌ನಿಂದ ಸುಮಾರು 450 ಕಿ.ಮೀ. ದೂರ.

ಡೇರೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಉಲುರು ಉದ್ಯಾನದೊಳಗೆ ತಂಗುವಂತಿಲ್ಲ, ಹೊರಗಿನ ಯುಲಾರಾ ಎಂಬ ಊರಿನಲ್ಲೇ ಉಳಿಯಬೇಕು. ಪ್ರವೇಶ ಶುಲ್ಕ ದೊಡ್ಡವರಿಗೆ ಮಾತ್ರ. ಓರ್ಮಿಸ್ಟನ್‌ನಲ್ಲಿ ಡೇರೆಯಿಂದ ನೀರಿನ ಮಡುವಿಗೆ ಕೆಲವೇ ನಿಮಿಷದ ನಡಿಗೆ. ಮುಂಜಾನೆ ಕೆಂಪು ಬಂಡೆಯ ನೆರಳು ಆ ನೀರಿನಲ್ಲಿ ನಿಶ್ಚಲವಾಗಿ ಬಿದ್ದಿರುತ್ತದೆ. ನನಗೆ ಅತ್ಯಂತ ಪ್ರಿಯವಾದ ಜಾಗ ಅದೇ.

ನಡಿಗೆ? ಉಲುರುವಿನ ಸುತ್ತು ಹತ್ತು ಕಿ.ಮೀ.ಗೂ ಹೆಚ್ಚು, ಆದರೆ ಸಮತಟ್ಟು. ಹತ್ತರ ಮಗು ನಡೆದೀತು, ಆರರ ಮಗುವಿಗೆ ಅರ್ಧ ಸಾಕು. ಬಂಡೆ ಹತ್ತುವುದು 2019ರ ಅಕ್ಟೋಬರ್‌ನಿಂದ ನಿಷಿದ್ಧ. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಆ ಬಂಡೆ ಪವಿತ್ರ, ಹತ್ತುವುದು ನಿಂತದ್ದೇ ಒಳ್ಳೆಯದಾಯಿತು. ಫ್ಲಿಂಡರ್ಸ್‌ನಲ್ಲಿ ಚಿಕ್ಕ, ದೊಡ್ಡ ದಾರಿಗಳೆರಡೂ ಇವೆ, ಕಾಂಗರೂಗಳು ಡೇರೆಯ ಬಳಿಯೇ ಮೇಯುತ್ತವೆ.

ಮೊದಲ ಬಾರಿಗೆ ಡೇರೆ ಹಾಕುವ ಕುಟುಂಬಕ್ಕೆ ಫ್ಲಿಂಡರ್ಸ್ ಸುಲಭ. ಮೂರೇ ದಿನ ಇದ್ದರೆ ಓರ್ಮಿಸ್ಟನ್. ವಾರವಿದ್ದು, ಆ ಬಂಡೆಯನ್ನು ಕಾಣಲೇಬೇಕೆಂಬ ಹಂಬಲವಿದ್ದರೆ ಉಲುರು. ಎಲ್ಲಿಗೇ ಹೋದರೂ ದಪ್ಪ ಕಂಬಳಿ ಒಯ್ಯಿರಿ. ಜುಲೈ ರಾತ್ರಿ ಶೂನ್ಯದ ಹತ್ತಿರ ಇಳಿಯುತ್ತದೆ.