ಸಾಗರದ ಹತ್ತು ದಿನದ ಅಂಗಡಿ

ಖಾಲಿ ಬಿದ್ದಿದ್ದ ಹಳೇ ಮಳಿಗೆಯೊಂದರಲ್ಲಿ ನಮ್ಮೂರ ಹುಡುಗ ಹುಡುಗಿಯರು ಪಾಪ್-ಅಪ್ ಅಂಗಡಿ ಹಾಕಿದ್ದಾರೆ. ಹತ್ತೇ ದಿನ. ನಾನು ಎರಡು ಸಲ ಹೋಗಿ ಬಂದೆ.

ಮೊದಲು ಕಣ್ಣಿಗೆ ಬಿದ್ದದ್ದು ಸಾಮಾನಲ್ಲ, ಸಾಮಾನಿಟ್ಟ ಕಪಾಟು. ಸೀಳಿದ ಅಡಿಕೆ ಮರದ ದಬ್ಬೆಗೆ ಕತ್ತದ ಹಗ್ಗ ಬಿಗಿದು ಮಾಡಿದ್ದು. ಕೈಯಿಟ್ಟು ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಒಂದೇ ಒಂದು ಮೊಳೆ ಇಲ್ಲ. "ಮುಗಿದ ಮೇಲೆ ಬಿಚ್ಚಿ ತೋಟಕ್ಕೆ ಒಯ್ಯುತ್ತೇವೆ, ಬೇಲಿಗಾಗುತ್ತೆ ಅಕ್ಕಾ" ಅಂದ ಒಬ್ಬ ಹುಡುಗ. ಫ್ಲೆಕ್ಸ್ ಬೋರ್ಡೂ ಇಲ್ಲ. ಬಟ್ಟೆ ಮೇಲೆ ಕೈಯಲ್ಲೇ ಬರೆದ ಹೆಸರು.

ಒಳಗಿನ ಗೋಡೆಗೆ ಕೆಮ್ಮಣ್ಣು ಬಳಿದು, ಒಬ್ಬಳು ಹುಡುಗಿ ನಮ್ಮ ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರ ಹಸೆ ಚಿತ್ತಾರ ಬರೆಯುತ್ತಿದ್ದಳು. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ. ಗೆರೆ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳು. ಅವಳ ಅಜ್ಜಿ ಪಕ್ಕದಲ್ಲೇ ಕೂತು ತಿದ್ದುತ್ತಿದ್ದರು. ಇದಕ್ಕೇ ನಾನು ಎರಡನೇ ಸಲ ಹೋದದ್ದು.

ಭೀಮನಕೋಣೆಯ 'ಚರಕ' ಎಂಬ ಮಹಿಳಾ ಸಹಕಾರ ಸಂಘದಿಂದಾಗಿ ಕೈಮಗ್ಗ, ನೈಸರ್ಗಿಕ ಬಣ್ಣ ನಮಗೆ ಹೊಸದಲ್ಲ. ಆದರೆ ತುಂಡು ಬಟ್ಟೆಯಲ್ಲಿ ಹೊಲಿದ ಪುಸ್ತಕದ ರಟ್ಟು, ಅಡಿಕೆ ಹಾಳೆಯ ದೀಪದ ಮುಚ್ಚಳ ಹೊಸದು. ಚೀಟಿಯಲ್ಲಿ ಬೆಲೆಯ ಜೊತೆ ಮಾಡಿದವರ ಹೆಸರೂ ಇದೆ.

ಕೊರತೆ ಎರಡು. ಸಂಜೆ ಆರರ ಮೇಲೆ ಬೆಳಕು ಸಾಲದು, ಬಟ್ಟೆಯ ಬಣ್ಣವೇ ತಿಳಿಯಲ್ಲ. ಬಾಗಿಲ ಮೆಟ್ಟಿಲು ಎತ್ತರ ಜಾಸ್ತಿ, ಅಮ್ಮನನ್ನು ಕೈ ಹಿಡಿದು ಹತ್ತಿಸಬೇಕಾಯ್ತು. ಒಂದು ಹಲಗೆ ಹಾಕಿ ಅಂತ ಹೇಳಿ ಬಂದಿದ್ದೇನೆ.

ಇನ್ನೂ ನಾಲ್ಕು ದಿನ ಇದೆ. ಬೆಳಗ್ಗೆಯೇ ಹೋಗಿ, ಕೈಚೀಲ ಒಯ್ಯಿರಿ. ಅಲ್ಲಿ ಕವರ್ ಕೊಡಲ್ಲ.