ಮೇಕ್, ಡೂ, ಟೇಕ್: ಪಟ್ಟಿಯೋ, ಕಾರ್ಡೋ, ನಿಘಂಟೋ?

ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ಬರೆಯಲು ಕೂತಾಗ ಮಾತ್ರ ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಎಂದು ಕೈ ತಡೆಯುತ್ತದೆ. 'ಮಿಸ್ಟೇಕ್'ಗೆ ಮೇಕ್, 'ಹೋಮ್‌ವರ್ಕ್'ಗೆ ಡೂ, 'ಅಟೆನ್ಷನ್'ಗೆ ಪೇ, 'ಕ್ರೈಮ್'ಗೆ ಕಮಿಟ್. ಹೀಗೆ ಜೊತೆಯಾಗಿ ಬರುವ ಪದಜೋಡಿಗಳನ್ನು, ಅಂದರೆ ಕೊಲೊಕೇಷನ್‌ಗಳನ್ನು, ಕಲಿಯಲು ಇರುವ ನಾಲ್ಕು ದಾರಿಗಳನ್ನು ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ನನ್ನ ಮತ ನಾಮಪದದ ಕಡೆಯಿಂದ ಹೊರಡುವ ದಾರಿಗೆ.

ಶಾಲೆಯಲ್ಲಿ ಎಲ್ಲರಿಗೂ ಮೊದಲು ಸಿಗುವುದು ಪಟ್ಟಿ. ಒಂದು ಕಡೆ ಮೇಕ್, ಇನ್ನೊಂದು ಕಡೆ ಡೂ. ಜೊತೆಗೊಂದು ಸೂತ್ರ: ಹೊಸದನ್ನು ಉಂಟುಮಾಡಿದರೆ ಮೇಕ್, ಬರೀ ಕೆಲಸವಾದರೆ ಡೂ. 'ಮೇಕ್ ಎ ಕೇಕ್', 'ಡೂ ದ ಡಿಶಸ್' ತನಕ ಸೂತ್ರ ನಡೆಯುತ್ತದೆ, 'ಮೇಕ್ ದ ಬೆಡ್' (ಹಾಸಿಗೆ ಸರಿಪಡಿಸುವುದು) ಬಂದ ಕೂಡಲೇ ಕೈಕೊಡುತ್ತದೆ. 'ಡೂ ಬಿಸಿನೆಸ್', ಆದರೆ 'ಮೇಕ್ ಎ ಪ್ರಾಫಿಟ್'. 'ಡೂ ಎ ಫೇವರ್', ಆದರೆ 'ಮೇಕ್ ಆ್ಯನ್ ಎಫರ್ಟ್'. ಎರಡು ಸಾಲುಗಳನ್ನು ಒಟ್ಟಿಗೆ ಬಾಯಿಪಾಠ ಮಾಡಿದರೆ ವಾರ ಕಳೆಯುವಷ್ಟರಲ್ಲಿ ಯಾವುದು ಯಾವ ಸಾಲಿನದು ಎಂಬುದೇ ಕಲಸಿಹೋಗುತ್ತದೆ. ಇದಕ್ಕಿಂತ ದೊಡ್ಡ ದೋಷ ಅದರ ದಿಕ್ಕಿನಲ್ಲಿದೆ. ಮಾತನಾಡುವಾಗ ನಮಗೆ ಮೊದಲು ಹೊಳೆಯುವುದು 'ರಿಸರ್ಚ್' ಅಥವಾ 'ಡಿಸಿಷನ್', ತಡಕಾಡುವುದು ಕ್ರಿಯಾಪದಕ್ಕಾಗಿ. ಪಟ್ಟಿ ಕ್ರಿಯಾಪದವನ್ನು ಮೊದಲೇ ಕೊಟ್ಟು ನಾಮಪದಗಳನ್ನು ಕೇಳುತ್ತದೆ.

ಆ್ಯಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್‌ನಲ್ಲಿ ಈ ದಿಕ್ಕನ್ನು ನಾವೇ ಸರಿಮಾಡಿಕೊಳ್ಳಬಹುದು. ನೆನಪಿರುವ ಕಾರ್ಡ್ ದಿನಗಳ ನಂತರ, ಆಮೇಲೆ ವಾರಗಳ ನಂತರ, ತಿಂಗಳುಗಳ ನಂತರ ಬರುತ್ತದೆ. ಮರೆತದ್ದು ಬೇಗ ತಿರುಗಿ ಬರುತ್ತದೆ. ನೆನಪಿನಲ್ಲಿ ಉಳಿಸುವುದಕ್ಕೆ ಇದಕ್ಕೆ ಸಾಟಿಯಿಲ್ಲ. ಆದರೆ ಕಾರ್ಡ್ ಬರೆಯುವ ರೀತಿಯಲ್ಲೇ ಎಲ್ಲ ನಿಂತಿದೆ. 'ಡಿಸಿಷನ್'ನ ಹಿಂದೆ ಖಾಲಿ ಜಾಗ ಬಿಟ್ಟರೆ ಮೇಕ್, ಟೇಕ್, ರೀಚ್ ಮೂರೂ ಸರಿ; ಕಾರ್ಡ್ ಮಾತ್ರ ಒಂದನ್ನೇ ಒಪ್ಪುತ್ತದೆ. ಹಾಗಾಗಿ ನಾನು ಪೂರ್ತಿ ವಾಕ್ಯ ಬರೆದು, ಬೇಕಾದ ಕ್ರಿಯಾಪದದ ಮೊದಲ ಅಕ್ಷರವನ್ನು ಸುಳಿವಾಗಿ ಇಡುತ್ತೇನೆ. ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ನಾವೇ ಎದುರಾಗಿ, ನಾವೇ ಬರೆದಿಟ್ಟ ವಾಕ್ಯ ನಿಲ್ಲುವ ಹಾಗೆ ಅವು ನಿಲ್ಲುವುದಿಲ್ಲ.

ಆ ವಾಕ್ಯಗಳನ್ನು ಎಲ್ಲಿಂದ ತರುವುದು? ಇಲ್ಲಿ ಬರುತ್ತದೆ ನನ್ನ ಮೆಚ್ಚಿನದು, ಪದಜೋಡಿಗಳ ನಿಘಂಟು. 2002ರಲ್ಲಿ ಮೊದಲು ಬಂದ ಆಕ್ಸ್‌ಫರ್ಡ್ ಕೊಲೊಕೇಷನ್ಸ್ ಡಿಕ್ಷನರಿಯನ್ನೇ ನಾನು ಹೆಚ್ಚು ಬಳಸಿರುವುದು. ಅದು ಅರ್ಥ ಹೇಳಲು ಹೋಗುವುದೇ ಇಲ್ಲ. 'ರಿಸರ್ಚ್' ತೆರೆದರೆ ಅದರ ಜೊತೆ ಬರುವ ವಿಶೇಷಣಗಳು ಒಂದು ಗುಂಪು, ಅದರ ಹಿಂದೆ ಬರುವ ಕ್ರಿಯಾಪದಗಳು ಇನ್ನೊಂದು: ಡೂ, ಕ್ಯಾರಿ ಔಟ್, ಕಂಡಕ್ಟ್. ನಮ್ಮ 'ಸಂಶೋಧನೆ ಮಾಡು' ಗುಂಗಿನಲ್ಲಿ ಸಲೀಸಾಗಿ ಬಾಯಿಗೆ ಬರುವ 'ಮೇಕ್ ರಿಸರ್ಚ್' ಅಲ್ಲಿ ಕಾಣಿಸುವುದೇ ಇಲ್ಲ. ಕೊನೆಗೆ ಉಪಸರ್ಗಗಳು: 'ರಿಸರ್ಚ್ ಆನ್', 'ರಿಸರ್ಚ್ ಇನ್‌ಟು'. ಒಂದು ನಾಮಪದಕ್ಕೆ ಬೇಕಾದ ಬಳಗವೆಲ್ಲ ಒಂದೇ ಕಡೆ ಸಿಗುತ್ತದೆ. ಅರ್ಧ ಪುಟ ಓದಿದರೆ ಪ್ಯಾರಾಗ್ರಾಫ್ ಬರೆಯುವ ಧೈರ್ಯ ಬರುತ್ತದೆ. ಕೊರತೆಯೂ ಇದೆ. ಸಮಾನವೆಂಬಂತೆ ಪಕ್ಕಪಕ್ಕ ಕೂತ ಕ್ರಿಯಾಪದಗಳಲ್ಲಿ ಯಾವುದು ಮಾತಿಗೆ, ಯಾವುದು ವರದಿಗೆ ಎಂದು ಎಲ್ಲ ಕಡೆ ಹೇಳುವುದಿಲ್ಲ. ಗೆಳೆಯರ ಜೊತೆ 'ಕಂಡಕ್ಟ್ ರಿಸರ್ಚ್' ತುಸು ಬಿಗಿ, ಅಲ್ಲಿ 'ಡೂ' ಸಾಕು.

ಈ ಕೊರತೆ ತುಂಬುವುದು ಕಾರ್ಪಸ್, ಅಂದರೆ ನಿಜವಾದ ಬರಹ, ಮಾತುಗಳ ಭಂಡಾರ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ. ಅಮೆರಿಕನ್ ಇಂಗ್ಲಿಷಿನ ಕೋಕಾ (COCA) ಎಂಬ ಕಾರ್ಪಸ್‌ನಲ್ಲಿ 100 ಕೋಟಿಗೂ ಹೆಚ್ಚು, ಮಾತು, ಕಥೆ, ಪತ್ರಿಕೆ, ವಿದ್ವತ್ ಬರಹ ಎಂದು ಬೇರೆ ಬೇರೆಯಾಗಿ. 'ಟೇಕ್ ಎ ಡಿಸಿಷನ್' ಬ್ರಿಟಿಷರಲ್ಲಿ ಸಲ್ಲುತ್ತದೆ, ಅಮೆರಿಕನ್ನರು ಬಹುಪಾಲು 'ಮೇಕ್' ಎನ್ನುತ್ತಾರೆ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಕಲಿಯುವವರಿಗೆಂದೇ ಮಾಡಿದ ಸ್ಕೆಲ್ (SkELL) ಎಂಬ ಜಾಲತಾಣ ಇನ್ನೂ ಸರಳ: ನೋಂದಣಿ ಬೇಡ, ಪದ ಹಾಕಿದರೆ ಅದನ್ನು ಕರ್ಮವಾಗಿ ತೆಗೆದುಕೊಳ್ಳುವ ಕ್ರಿಯಾಪದಗಳು ಸಾಲಾಗಿ ಬರುತ್ತವೆ. ಆದರೆ ಹೊಸಬರಿಗೆ ಒಟ್ಟಾರೆ ಕಾರ್ಪಸ್ ಭಾರ. ಸಂಖ್ಯೆ ಸಿಗುತ್ತದೆ, ವಿವರಣೆ ಸಿಗುವುದಿಲ್ಲ; ಒಂದು ಅನುಮಾನ ಹಿಡಿದು ಹೋದವರು ಹತ್ತು ಉದಾಹರಣೆಗಳಲ್ಲಿ ಮುಳುಗಿಬಿಡುತ್ತಾರೆ. ನಿಘಂಟು ಕೊಟ್ಟ ಎರಡು ಕ್ರಿಯಾಪದಗಳ ನಡುವೆ ತೀರ್ಮಾನಿಸಲಾಗದೆ ನಿಂತಾಗ ಮಾತ್ರ ನಾನು ಅಲ್ಲಿಗೆ ಹೋಗುತ್ತೇನೆ, ಅಲ್ಲಿ ಕಂಡ ಒಳ್ಳೆಯ ವಾಕ್ಯವನ್ನು ಆಗಲೇ ಕಾರ್ಡ್ ಮಾಡಿಕೊಳ್ಳುತ್ತೇನೆ.