ಬಿಪಿ ಇರುವ ಮನೆಗೆ ಯಾವ ಉಪ್ಪು? ಪಿಂಕ್ ಸಾಲ್ಟ್, ಹರಳುಪ್ಪು, ಲೋ ಸೋಡಿಯಂ: ಬಳಸಿ ನೋಡಿದ್ದು

ಬಿಪಿ ಅಂತ ಗೊತ್ತಾದ ಕೂಡಲೇ ಡಾಕ್ಟರು ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ. ನೆಂಟರು ಉಪ್ಪು ಬದಲಾಯಿಸಿ ಅನ್ನುತ್ತಾರೆ. ಅಮ್ಮನಿಗೂ ನನಗೂ ಬಿಪಿ ಇರುವುದರಿಂದ ನಾವು ಎರಡು ಮಾತನ್ನೂ ಕೇಳಿದೆವು. ಅಂಗಡಿಯಲ್ಲಿ ಸಿಗುವ ಉಪ್ಪನ್ನೆಲ್ಲ ಒಂದೊಂದಾಗಿ ಅಡುಗೆಗೆ ಹಾಕಿ ನೋಡಿದೆವು.

ಪಿಂಕ್ ಸಾಲ್ಟ್, ಅಂದರೆ ಸೈಂಧವ ಉಪ್ಪು, ಚಿಕ್ಕಮ್ಮ ತಂದುಕೊಟ್ಟಿದ್ದು. ನೋಡಲು ಚೆಂದ, ಬೆಲೆ ಮಾಮೂಲಿ ಉಪ್ಪಿನ ಹಲವು ಪಟ್ಟು. ಪೊಟ್ಟಣ ತಿರುಗಿಸಿ ಹಿಂದೆ ಓದಿದರೆ ಕಥೆ ಬೇರೆ. ಮಾಮೂಲಿ ಪುಡಿ ಉಪ್ಪಿನ 100 ಗ್ರಾಂನಲ್ಲಿ ಸುಮಾರು 38 ಗ್ರಾಂ ಸೋಡಿಯಂ ಇರುತ್ತದೆ. ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೈಯಲ್ಲಿ ನೀರು ಹಿಡಿದಿಟ್ಟು ಬಿಪಿ ಏರಿಸುವುದು ಈ ಸೋಡಿಯಮ್ಮೇ ತಾನೇ? ಹೊಗಳುವ ಖನಿಜಗಳೆಲ್ಲ ಚಿಟಿಕೆಯಲ್ಲಿ ಚಿಟಿಕೆ. ಇಂಥ ಎಷ್ಟೋ ಪೊಟ್ಟಣಗಳಲ್ಲಿ ಅಯೋಡಿನ್ ಕೂಡ ಇರುವುದಿಲ್ಲ. ಬಿಪಿಗಾಗಿ ಇದಕ್ಕೆ ದುಡ್ಡು ಕೊಡುವುದು ದಂಡ.

ಹರಳುಪ್ಪಿನದು ಸಣ್ಣ ಮಾಯೆ. ಹರಳುಗಳ ನಡುವೆ ಜಾಗ ಉಳಿಯುವುದರಿಂದ ಒಂದು ಚಮಚದಲ್ಲಿ ತೂಕ ಕಡಿಮೆ ಬರುತ್ತದೆ. ಆದರೆ ಸಾರಿನ ರುಚಿ ನೋಡಿ, ಸಪ್ಪೆ ಅನ್ನಿಸಿ, ಇನ್ನೊಂದು ಚೂರು ಹಾಕುತ್ತೇವೆ. ಲಾಭ ಅಲ್ಲಿಗೆ ಮುಗಿಯಿತು.

ನಿಜವಾಗಿ ಬೇರೆ ಅನ್ನಬಹುದಾದದ್ದು ಲೋ ಸೋಡಿಯಂ ಉಪ್ಪು. ಇದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಎಷ್ಟು ಪಾಲು ಅನ್ನುವುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಕೆಲವದರಲ್ಲಿ 15 ಶೇಕಡಾ ಮಾತ್ರ ಕಡಿಮೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಅಲ್ಲಿ ಕೊಟ್ಟ ಉಪ್ಪಿನಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್. ಮಾಮೂಲಿ ಉಪ್ಪು ತಿಂದವರಿಗಿಂತ ಅವರಲ್ಲಿ ಪಾರ್ಶ್ವವಾಯು 14 ಶೇಕಡಾ ಕಡಿಮೆಯಾಯಿತು. ಬರೀ ಉಪ್ಪು ಬದಲಾಯಿಸಿದ್ದಕ್ಕೆ ಇಷ್ಟು ಅಂದರೆ ಸಣ್ಣ ಮಾತಲ್ಲ.

ರುಚಿ? ಹುಳಿ, ಖಾರ ಇರುವ ಕಡೆ ಗೊತ್ತೇ ಆಗುವುದಿಲ್ಲ. ತಿಳಿಸಾರು, ಪುಳಿಯೋಗರೆ, ಬದನೆಕಾಯಿ ಎಣ್ಣೆಗಾಯಿ ಎಲ್ಲಾ ಪಾಸ್. ಸಿಕ್ಕಿಬಿದ್ದದ್ದು ಮಜ್ಜಿಗೆಯಲ್ಲಿ. ಕುಡಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಒಂದು ಸಣ್ಣ ಕಹಿ, ತಗಡು ನೆಕ್ಕಿದ ಹಾಗೆ. ಬಿಳಿ ಅನ್ನಕ್ಕೆ ಕಲಸಿದ ಮೊಸರಿನಲ್ಲೂ ಅದೇ ಕಹಿ. ಹೆಚ್ಚಿಗೆ ಹಾಕಿದಷ್ಟೂ ಅದು ಎದ್ದು ಕಾಣುತ್ತದೆ.

ಆದರೆ ಇದು ಎಲ್ಲರಿಗೂ ಅಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ, ಕಿಡ್ನಿ ಸ್ವಲ್ಪ ಸೋತಿದೆ, ನುಂಗುವುದು ಟೆಲ್ಮಿಸಾರ್ಟಾನ್ ಅನ್ನುವ ಬಿಪಿ ಮಾತ್ರೆ. ಆ ಮಾತ್ರೆಯೇ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಡಾಕ್ಟರು ಪೊಟ್ಟಣ ನೋಡಿದವರೇ, "ಅಮ್ಮ, ನೀವು ಇದನ್ನ ಮುಟ್ಟೋದೇ ಬೇಡ" ಅಂದುಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪಿನ ಪರ ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟಿದೆ. ಪೊಟ್ಟಣದ ಮೇಲೆ ಈ ಎಚ್ಚರಿಕೆ ಇದ್ದರೂ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ, ಅದೊಂದು ಸಿಟ್ಟು ನನಗೆ.

ಹಾಗಾಗಿ ಉಳಿದ ದಾರಿ ಮಾಮೂಲಿ ಅಯೋಡಿನ್ ಉಪ್ಪನ್ನೇ ಕಡಿಮೆ ಹಾಕುವುದು. ಅದೇ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ, ಸಮ ಮಾಡಿದ ಒಂದು ಟೀ ಚಮಚವೂ ಪೂರ್ತಿ ಬೇಕಿಲ್ಲ. ನಾವು ಬೆಳಿಗ್ಗೆಯೇ ಇಡೀ ದಿನದ್ದನ್ನು ಬಟ್ಟಲಿಗೆ ಅಳೆದಿಡುತ್ತೇವೆ. ಚಪಾತಿ ಹಿಟ್ಟಿಗೆ, ಅನ್ನಕ್ಕೆ ಉಪ್ಪಿಲ್ಲ. ಪಲ್ಯಕ್ಕೆ ನಿಂಬೆಹುಳಿ, ಮೆಣಸಿನ ಪುಡಿ ಜಾಸ್ತಿ. ಶುರುವಿನಲ್ಲಿ ಎಲ್ಲವೂ ಆಸ್ಪತ್ರೆ ಊಟ ಅನ್ನಿಸಿತು, ಕೆಲವು ವಾರಕ್ಕೆ ನಾಲಿಗೆ ಒಗ್ಗಿಕೊಂಡಿತು. ಕಷ್ಟ ಆದದ್ದು ಬಟ್ಟಲಿಗೆ ಸಿಗದ ಉಪ್ಪು: ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರ. ಅಮ್ಮ ಹಪ್ಪಳ ಬಿಟ್ಟರು, ಮಾವಿನ ಮಿಡಿ ಬಿಟ್ಟಿಲ್ಲ.

ನನ್ನ ಬೆಳಗಿನ ರೀಡಿಂಗ್ ಸ್ವಲ್ಪ ಇಳಿದಿದೆ. ಜೊತೆಗೆ ವಾಕಿಂಗೂ ಶುರುವಾಗಿತ್ತು, ಹಾಗಾಗಿ ಪೂರ್ತಿ ಉಪ್ಪಿನ ಲೆಕ್ಕಕ್ಕೆ ಹಾಕಲಾರೆ. ಮಾತ್ರೆ ಇಬ್ಬರೂ ಬಿಟ್ಟಿಲ್ಲ. ಈಗ ಮನೆಯ ಅಡುಗೆಗೆಲ್ಲ ಮಾಮೂಲಿ ಉಪ್ಪು, ಅಳತೆ ಮಾಡಿ. ಲೋ ಸೋಡಿಯಂ ನನ್ನೊಬ್ಬನ ಉಪ್ಪಿಟ್ಟಿಗೆ, ಅದೂ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕೇಳಿದ ಮೇಲೆ. ಆ ಡಬ್ಬಿಗೆ ಕೆಂಪು ಮುಚ್ಚಳ ಹಾಕಿ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ, ಅಮ್ಮನ ಕೈಗೆ ಎಟುಕದ ಹಾಗೆ.